ಮ್ಯಾಡ್ರಿಡ್ ಸಮೀಪದ ಆವಿಲಾ: ಏಳುಸುತ್ತಿನ ಕೋಟೆಯ ಊರಿನವರು ಅಲ್ಲಿ ಏನನ್ನು ನೋಡಬೇಕು?

ದುರ್ಗದ ಮೇಷ್ಟ್ರು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದವನು ನಾನು. ಹುಟ್ಟಿದ್ದು, ಬೆಳೆದದ್ದು, ಮಕ್ಕಳನ್ನು ಓದಿಸಿದ್ದು ಎಲ್ಲವೂ ದುರ್ಗದ ಕೋಟೆಯ ಬುಡದಲ್ಲಿಯೇ. ಮಗಳು ಕೆಲಸದ ನಿಮಿತ್ತ ಮ್ಯಾಡ್ರಿಡ್‌ನಲ್ಲಿದ್ದಾಳೆ. ಬರುವ ಸೆಪ್ಟೆಂಬರಿನಲ್ಲಿ ನಾನು ಮತ್ತು ನಮ್ಮ ಮನೆಯವರು ಮೂರು ವಾರ ಅಲ್ಲಿದ್ದು ಬರುವುದೆಂದು ನಿಶ್ಚಯವಾಗಿದೆ. ಅವಳಿಗೆ ಬಿಡುವು ಸಿಗುವುದು ಶನಿವಾರ, ಭಾನುವಾರ ಮಾತ್ರವಾದ್ದರಿಂದ, ಎರಡು ದಿನ ಮತ್ತು ನಡುವಿನ ಒಂದು ರಾತ್ರಿಯನ್ನು ಹಳೆಯದೊಂದು ಊರಿನಲ್ಲಿ ಕಳೆಯೋಣ ಎಂದು ಯೋಚಿಸಿದ್ದೇವೆ. ರಾಜಧಾನಿಯ ವಸ್ತುಸಂಗ್ರಹಾಲಯಗಳನ್ನು ಹೇಗೂ ನೋಡುತ್ತೇವೆ. ನನಗೆ ನೋಡಬೇಕೆನಿಸಿರುವುದು ನಮ್ಮ ಜಿಲ್ಲಾಕೇಂದ್ರದಂತಹ ಒಂದು ಊರು: ದೊಡ್ಡ ನಗರವಲ್ಲದ, ಆದರೆ ತನ್ನದೇ ಚರಿತ್ರೆಯ ಭಾರವನ್ನು ಹೊತ್ತು ನಿಂತಿರುವ ಊರು. ಮಗಳು ಆವಿಲಾ ಎಂಬ ಹೆಸರನ್ನು ಹೇಳಿದಳು. ಅದರ ಕೋಟೆಗೋಡೆ ಒಂದು ಕಡೆಯೂ ಮುರಿಯದೆ ಊರನ್ನು ಸುತ್ತುವರಿದಿದೆಯಂತೆ, ಒಳಗೆ ಇಂದಿಗೂ ಜನ ಸಂಸಾರ ಮಾಡುತ್ತಿದ್ದಾರಂತೆ.

ನನ್ನ ಪ್ರಶ್ನೆ ಎರಡು. ಎರಡು ದಿನದಲ್ಲಿ ಆ ಊರಿನಲ್ಲಿ ನೋಡಲೇಬೇಕಾದದ್ದು ಯಾವುದು, ಅದರ ಹಿಂದಿನ ಚರಿತ್ರೆ ಏನು? ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ: ನಮ್ಮಲ್ಲಿ 1779ರಲ್ಲಿ ಮದಕರಿನಾಯಕರ ಪತನವಾದ ಮೇಲೆ ಮೇಲುದುರ್ಗ ಬರಿದಾಯಿತು, ಊರು ಕೆಳಗಡೆಗೇ ಬೆಳೆಯಿತು, ಕೆಳಗಿನ ಸುತ್ತುಗಳ ಗೋಡೆ ಅಲ್ಲಲ್ಲಿ ಮನೆಗಳ ನಡುವೆ ಕರಗಿಹೋಯಿತು. ನಾನು ಬಾಲಕನಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿದ್ದ ಒಂದು ಬತೇರಿಯ ಕಲ್ಲುಗಳು ಈಗ ಯಾವ ಯಾವ ಮನೆಯ ತಳಪಾಯದಲ್ಲಿವೆಯೋ ತಿಳಿಯದು. ಅಲ್ಲಿನ ಗೋಡೆ ಮಾತ್ರ ಹೇಗೆ ಉಳಿಯಿತು? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಬೆಣ್ಣೆನಗರಿ, ದಾವಣಗೆರೆ

ಮೇಷ್ಟ್ರೇ, ನಮಸ್ಕಾರ. ನಾನು ದಾವಣಗೆರೆಯವನು. ಮ್ಯಾಡ್ರಿಡ್‌ನಲ್ಲಿ ನಾಲ್ಕು ವರ್ಷ ಕೆಲಸದಲ್ಲಿದ್ದಾಗ ಆವಿಲಾಕ್ಕೆ ಆರೇಳು ಬಾರಿ ಹೋಗಿದ್ದೇನೆ. ನಿಮ್ಮ ಮಗಳು ಸರಿಯಾದ ಊರನ್ನೇ ಆರಿಸಿದ್ದಾರೆ.

ಮೊದಲು ಊರಿನ ನೆಲೆಯನ್ನು ಹೇಳುತ್ತೇನೆ, ಏಕೆಂದರೆ ಅಲ್ಲಿನ ಚರಿತ್ರೆಯೆಲ್ಲ ಆ ನೆಲೆಯಿಂದಲೇ ಹುಟ್ಟಿದೆ. ಆವಿಲಾ ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 110 ಕಿ.ಮೀ. ದೂರದಲ್ಲಿದೆ, ರೈಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ಹಾದಿ. ಸಮುದ್ರಮಟ್ಟದಿಂದ 1,130 ಮೀಟರ್‌ಗೂ ಸ್ವಲ್ಪ ಮೇಲಿರುವ ಈ ಊರು ಸ್ಪೇನ್‌ನ ಪ್ರಾಂತ್ಯ ಕೇಂದ್ರಗಳಲ್ಲೆಲ್ಲ ಅತ್ಯಂತ ಎತ್ತರದ್ದು. ಸುತ್ತಲೂ ಕಣಶಿಲೆಯ, ಅಂದರೆ ಗ್ರಾನೈಟಿನ ಬಂಡೆಗಳು ಎದ್ದುನಿಂತ ಒಣಬಯಲು. ರೈಲು ಊರಿಗೆ ಹತ್ತಿರವಾಗುತ್ತಿದ್ದಂತೆ ಕಿಟಕಿಯ ಆಚೆ ಕಾಣುವ ಗುಂಡುಬಂಡೆಗಳನ್ನು ನೋಡಿದಾಗ ಮೊದಲ ಸಲ ನನಗೆ ನೆನಪಾದದ್ದು ನಿಮ್ಮ ದುರ್ಗದ ಜೋಗಿಮಟ್ಟಿಯ ದಾರಿ.

ಈ ಬಂಡೆಯ ನಾಡಿನಲ್ಲಿ ರೋಮನ್ನರಿಗಿಂತ ಮೊದಲು ವೆತ್ತೋನ್ ಎಂಬ ಪಶುಪಾಲಕ ಜನಾಂಗವಿತ್ತು. ಅವರು ಗೂಳಿ ಮತ್ತು ಹಂದಿಗಳ ಆಕಾರವನ್ನು ಇಡೀ ಬಂಡೆಯಲ್ಲಿ ಕಡೆದು ಹುಲ್ಲುಗಾವಲುಗಳಲ್ಲಿ ನಿಲ್ಲಿಸುತ್ತಿದ್ದರು. ಅಂತಹ ಕಲ್ಲುಪ್ರಾಣಿಗಳು ಊರಿನ ಅಂಗಳಗಳಲ್ಲಿ, ಹಳೆಯ ಮನೆತನಗಳ ಅರಮನೆಗಳ ಬಾಗಿಲಲ್ಲಿ ಇಂದಿಗೂ ನಿಂತಿವೆ. ನಮ್ಮ ಹಳ್ಳಿಯ ಬಾಗಿಲಲ್ಲಿ ವೀರಗಲ್ಲು ನಿಂತಿರುವಂತೆ ಅವು ಅಲ್ಲಿ ನಿಂತಿವೆ. ನಿಲ್ಲಿಸಿದವರ ಭಾಷೆ ಮರೆತುಹೋದರೂ ಕಲ್ಲು ಉಳಿದಿದೆ. ರೋಮನ್ನರ ಕಾಲದಲ್ಲಿ ಇಲ್ಲಿ ಒಂದು ಸಣ್ಣ ಪಟ್ಟಣವಿತ್ತು. ಅನಂತರ ಮುಸ್ಲಿಂ ಮತ್ತು ಕ್ರೈಸ್ತ ರಾಜ್ಯಗಳ ನಡುವಿನ ಗಡಿನಾಡಾಗಿ ಇದು ಬಹುಕಾಲ ಹೆಚ್ಚುಕಡಿಮೆ ಪಾಳುಬಿದ್ದಿತ್ತು. 1085ರಲ್ಲಿ ಕ್ರೈಸ್ತ ದೊರೆ ಆರನೆಯ ಅಲ್ಫೋನ್ಸೊ ಟೊಲೆಡೊ ನಗರವನ್ನು ಗೆದ್ದುಕೊಂಡ ಮೇಲೆ, ಗೆದ್ದ ನಾಡನ್ನು ಬೆನ್ನಹಿಂದೆ ಭದ್ರಪಡಿಸಿಕೊಳ್ಳಬೇಕಾದ ಅಗತ್ಯ ಬಂದಿತು. ಅವನ ಅಳಿಯ ಬರ್ಗಂಡಿಯ ರೇಮಂಡ್ ಉತ್ತರದಿಂದ ಜನರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದ. ಗೋಡೆಯ ಕೆಲಸ 1090ರಲ್ಲಿ ಆರಂಭವಾಗಿ ಒಂಬತ್ತೇ ವರ್ಷಗಳಲ್ಲಿ ಮುಗಿಯಿತೆಂದು ಸ್ಥಳೀಯ ಪರಂಪರೆ ಹೇಳುತ್ತದೆ; ಆದರೆ ಗೋಡೆಯ ಬಹುಭಾಗ 12ನೇ ಶತಮಾನದ್ದೆಂದೂ ಕೆಲಸ ಬಹಳ ಕಾಲ ನಡೆಯಿತೆಂದೂ ಇತಿಹಾಸಕಾರರ ಅಭಿಪ್ರಾಯ. ಇಷ್ಟು ಗೋಡೆ ಒಂಬತ್ತು ವರ್ಷದಲ್ಲಿ ಏಳುವುದು ಕಷ್ಟವೆಂದು ಅದನ್ನು ಕಣ್ಣಾರೆ ಕಂಡವರಿಗೆಲ್ಲ ಅನಿಸುತ್ತದೆ.

ಗೋಡೆಯ ಸುತ್ತಳತೆ 2,516 ಮೀಟರ್. ಎತ್ತರ ಸರಾಸರಿ 12 ಮೀಟರ್, ದಪ್ಪ 3 ಮೀಟರ್. ಅರ್ಧವೃತ್ತಾಕಾರದ 87 ಬತೇರಿಗಳು, 9 ಬಾಗಿಲುಗಳು, ಗೋಡೆಯ ನೆತ್ತಿಯ ಮೇಲೆ ಹಲ್ಲುಗಳಂತೆ ಸುಮಾರು 2,500 ತೆನೆಗಳು. ಗೋಡೆಯ ಮೇಲೆ ಸುಮಾರು 1,700 ಮೀಟರ್‌ನಷ್ಟು ಉದ್ದ ನಡೆದುಹೋಗಬಹುದು. ದುರ್ಗದವರು ಅಲ್ಲಿ ಮೊದಲು ಗಮನಿಸಬೇಕಾದದ್ದು ಪೂರ್ವದಿಕ್ಕನ್ನು. ಪಶ್ಚಿಮದಲ್ಲಿ ಊರು ಅದಾಹಾ ನದಿಯ ಕಡೆಗೆ ಇಳಿಯುತ್ತದೆ, ದಕ್ಷಿಣದಲ್ಲಿ ಕಡಿದಾದ ಇಳಿಜಾರಿದೆ; ಪೂರ್ವದಲ್ಲಿ ಮಾತ್ರ ನೆಲ ಸಮತಟ್ಟಾಗಿ ಶತ್ರುವಿಗೆ ತೆರೆದುಕೊಂಡಿದೆ. ಆದ್ದರಿಂದ ಅಲ್ಲಿಯೇ ಗೋಡೆ ಅತ್ಯಂತ ಬಲಿಷ್ಠ. ಸಾನ್ ವಿಸೆಂತೆ ಬಾಗಿಲು ಮತ್ತು ಅಲ್ಕಾಸರ್ ಬಾಗಿಲು ಎಂಬ ಎರಡು ಮಹಾದ್ವಾರಗಳು ಅಲ್ಲಿವೆ. ಒಂದೊಂದಕ್ಕೂ ಸುಮಾರು 20 ಮೀಟರ್ ಎತ್ತರದ ಜೋಡಿ ಬತೇರಿಗಳು, ಅವುಗಳ ನೆತ್ತಿಯನ್ನು ಕೂಡಿಸುವ ಒಂದು ಕಮಾನುಸೇತುವೆ. ಕೆಳಗೆ ಬಾಗಿಲು ಒಡೆಯಲು ಬಂದವನ ತಲೆಯ ಮೇಲೆ ಆ ಸೇತುವೆಯಿಂದ ಕಲ್ಲು ಸುರಿಯುವ ಏರ್ಪಾಡು. ಸಾನ್ ವಿಸೆಂತೆ ಬಾಗಿಲಿನ ಬುಡದಲ್ಲಿ ನೆಲದ ಬಂಡೆಯಿಂದಲೇ ಕಡೆದ ವೆತ್ತೋನ್ ಕಾಲದ ಪ್ರಾಣಿಯಾಕೃತಿ ಒಂದಿದೆ, ಮರೆಯದೆ ನೋಡಿ.

ಪೂರ್ವದ ಗೋಡೆಯಲ್ಲಿಯೇ ನನಗೆ ಅತ್ಯಂತ ವಿಸ್ಮಯವೆನಿಸಿದ ಸಂಗತಿ ಇದೆ. ಆ ಊರಿನ ಪ್ರಧಾನ ಇಗರ್ಜಿಯ ಗರ್ಭಗೃಹದ ಹಿಂಬದಿಯು ಕೋಟೆಗೋಡೆಯಿಂದ ಹೊರಕ್ಕೆ ಉಬ್ಬಿಕೊಂಡು ಒಂದು ಮಹಾ ಬತೇರಿಯಾಗಿ ನಿಂತಿದೆ. ಒಳಗಿನಿಂದ ಅದು ದೇವರ ಸನ್ನಿಧಿ, ಹೊರಗಿನಿಂದ ತೆನೆಗಳುಳ್ಳ ಕೊತ್ತಲ. ಫ್ರುಚೆಲ್ ಎಂಬ ಶಿಲ್ಪಾಚಾರ್ಯ 12ನೇ ಶತಮಾನದಲ್ಲಿ ಕಟ್ಟಿದ ಈ ಭಾಗ ಸ್ಪೇನ್‌ನ ಗೋಥಿಕ್ ಶೈಲಿಯ ಮೊದಮೊದಲ ಕಟ್ಟಡಗಳಲ್ಲಿ ಒಂದು. ಒಳಗೆ ಕಂಬ, ಕಮಾನುಗಳ ಕಲ್ಲು ಬಿಳುಪಿನ ಮೇಲೆ ಕೆಂಪು ಚೆಲ್ಲಿದಂತೆ ಇರುತ್ತದೆ. ಅದನ್ನು ಅಲ್ಲಿನವರು ರಕ್ತ ಒಸರುವ ಕಲ್ಲು ಎಂದು ಕರೆಯುತ್ತಾರೆ. ಅದರ ಪಡಸಾಲೆಯಲ್ಲಿ ಅದೋಲ್ಫೊ ಸುಆರೆಸ್ ಅವರ ಸಮಾಧಿಯೂ ಇದೆ. ಫ್ರಾಂಕೊ ಸರ್ವಾಧಿಕಾರದ ಅನಂತರ 1976ರಿಂದ 1981ರವರೆಗೆ ಪ್ರಧಾನಿಯಾಗಿ ದೇಶವನ್ನು ಪ್ರಜಾಪ್ರಭುತ್ವಕ್ಕೆ ನಡೆಸಿದ ಇವರು ಇದೇ ಪ್ರಾಂತ್ಯದವರು, 2014ರಲ್ಲಿ ತೀರಿಕೊಂಡರು. ಸೌಹಾರ್ದ ಸಾಧ್ಯವಾಯಿತು ಎಂಬ ಅರ್ಥದ ಒಂದು ಸಾಲು ಅವರ ಸಮಾಧಿಯ ಮೇಲಿದೆ. ಒಬ್ಬ ಇತಿಹಾಸದ ಮೇಷ್ಟ್ರು ಅಲ್ಲಿ ಎರಡು ನಿಮಿಷ ನಿಲ್ಲಬೇಕು ಎಂದು ನನ್ನ ಕೋರಿಕೆ.

ಊಟದ ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಅದು ದನದ ಮಾಂಸಕ್ಕೆ ಹೆಸರಾದ ಊರು, ಹುರುಳಿಕಾಯಿ ಕಾಳಿನ ಸಾರಿನಲ್ಲೂ ಆಲೂಗಡ್ಡೆಯ ಪಲ್ಯದಲ್ಲೂ ಹಂದಿಮಾಂಸದ ಚೂರು ಇರುವುದು ಸಾಮಾನ್ಯ. ಸಸ್ಯಾಹಾರಿಗಳಾದರೆ ಪ್ರತಿಯೊಂದನ್ನೂ ಕೇಳಿಯೇ ತೆಗೆದುಕೊಳ್ಳಿ. ಈ ಊರಿನ 16ನೇ ಶತಮಾನದ ಸನ್ಯಾಸಿನಿ ಸಂತ ತೆರೇಸಾಳ ಹೆಸರಿನಲ್ಲಿ ಮಾರುವ ಹಳದಿ ಉಂಡೆಗಳು ನಮ್ಮ ಲಾಡುವಿನಂತೆ ಕಂಡರೂ ಅವುಗಳನ್ನು ಮೊಟ್ಟೆಯ ಹಳದಿ ಮತ್ತು ಸಕ್ಕರೆಯಿಂದ ಮಾಡುತ್ತಾರೆ.

ಕಲ್ಲುಗಾರೆ, ಚಿತ್ರದುರ್ಗ

ಮೇಷ್ಟ್ರೇ, ನಿಮ್ಮ ಎರಡನೆಯ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರಿಸುತ್ತೇನೆ. ನಾನು ಸಿವಿಲ್ ಎಂಜಿನಿಯರ್. ಹಳೆಯ ಕಲ್ಲುಕಟ್ಟಡಗಳ ದುರಸ್ತಿಯ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಆವಿಲಾದ ಗೋಡೆಯನ್ನು ಮೂರು ದಿನ ಅಂಗುಲ ಅಂಗುಲವಾಗಿ ನೋಡಿ ಬಂದಿದ್ದೇನೆ.

ಎರಡೂ ಕೋಟೆಗಳು ಕಣಶಿಲೆಯವೇ ಆದರೂ ಕಟ್ಟುವ ಕ್ರಮ ಬೇರೆ. ನಮ್ಮಲ್ಲಿ ಬಂಡೆಗೆ ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು ಸೀಳಿ, ಆ ದಿಮ್ಮಿಗಳನ್ನು ಗಾರೆಯಿಲ್ಲದೆ ಒಂದರೊಳಗೊಂದು ಕಚ್ಚಿಕೊಳ್ಳುವಂತೆ ಕೂರಿಸಿದ್ದಾರೆ. ಸೀಳಿದ ಕುಳಿಗಳ ಸಾಲು ಇವತ್ತಿಗೂ ಕೋಟೆಯ ಬಂಡೆಗಳ ಮೇಲೆ ಕಾಣುತ್ತದೆ. ಬೆಟ್ಟದ ಹೆಬ್ಬಂಡೆಗಳನ್ನೇ ಗೋಡೆಯ ಭಾಗವಾಗಿ ಬಳಸಿದ್ದು ನಾಯಕರ ಕಾಲದ ಜಾಣತನ. ಆವಿಲಾದಲ್ಲಿ ಹೊರಮೈ ಮತ್ತು ಒಳಮೈಗೆ ಕಲ್ಲಿನ ಎರಡು ಪದರ ಕಟ್ಟಿ, ನಡುವೆ ಜಲ್ಲಿ ಮತ್ತು ಸುಣ್ಣದ ಗಾರೆಯನ್ನು ತುಂಬಿದ್ದಾರೆ. ಅಲ್ಲಿ ನೀರು ಒಳಗಿಳಿದರೆ ಹೊಟ್ಟೆ ಉಬ್ಬಿ ಹೊರಪದರ ಬೀಳುತ್ತದೆ. ಹಾಗಾಗಿ ಮೇಲ್ಮೈಯನ್ನು ಸದಾ ಮುಚ್ಚಿ ಕಾಪಾಡಿಕೊಳ್ಳಬೇಕು. ನಮ್ಮ ಗೋಡೆಗೆ ಆ ಚಿಂತೆ ಕಡಿಮೆ, ನಮಗೆ ಶತ್ರುವೆಂದರೆ ಸಂದಿಯಲ್ಲಿ ಬೇರೂರುವ ಅರಳಿ, ಆಲದ ಗಿಡಗಳು. ಪೂರ್ವದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಕಲ್ಲಿನ ಬಣ್ಣ, ಅಳತೆ ಒಂದೇ ಸಮನಾಗಿಲ್ಲ ಎಂಬುದು ತಿಳಿಯುತ್ತದೆ. ಅಲ್ಲಿ ರೋಮನ್ನರ ಸ್ಮಶಾನದ ಕಲ್ಲುಗಳನ್ನು, ಚಿತಾಭಸ್ಮ ಇಡಲು ಕುಳಿ ತೋಡಿದ ಕಲ್ಲುಪೆಟ್ಟಿಗೆಗಳನ್ನು ಸಹ ತಂದು ಗೋಡೆಗೆ ಸೇರಿಸಿದ್ದಾರೆ. ನಿಮ್ಮ ಬೀದಿಯ ಬತೇರಿಯ ಕಲ್ಲು ಮನೆಗಳ ತಳಪಾಯ ಸೇರಿದಂತೆ ಅಲ್ಲಿ ಸತ್ತವರ ಕಲ್ಲು ಕೋಟೆ ಸೇರಿತು.

ಇನ್ನು ಗೋಡೆ ಉಳಿದ ಕಾರಣಕ್ಕೆ ಬರುತ್ತೇನೆ. ಆ ಜನ ನಮಗಿಂತ ಹೆಚ್ಚು ಇತಿಹಾಸಪ್ರಿಯರಾಗಿದ್ದರೆಂದು ಮೊದಲಿಗೆ ಅನಿಸುತ್ತದೆ, ಆದರೆ ನಡೆದದ್ದು ಹಾಗಲ್ಲ. 16ನೇ ಶತಮಾನದಲ್ಲಿ ಉಣ್ಣೆ ಮತ್ತು ಬಟ್ಟೆಯ ವ್ಯಾಪಾರದಿಂದ ಸಿರಿವಂತವಾಗಿದ್ದ ಆವಿಲಾ, ಅನಂತರದ ಶತಮಾನದಲ್ಲಿ ಬಡವಾಯಿತು. ದೊಡ್ಡ ಮನೆತನಗಳು ರಾಜಾಸ್ಥಾನವಿದ್ದ ಮ್ಯಾಡ್ರಿಡ್‌ಗೆ ಹೊರಟುಹೋದವು. 1609ರ ಅನಂತರ ಮುಸ್ಲಿಂ ಮೂಲದ ಮೊರಿಸ್ಕೊ ಜನರನ್ನು ದೇಶದಿಂದಲೇ ಹೊರಹಾಕಿದಾಗ ಊರಿನ ಕುಶಲಕರ್ಮಿಗಳ ದೊಡ್ಡ ಪಾಲು ಕಳೆದುಹೋಯಿತು. ಯಹೂದಿಗಳನ್ನು ಅದಕ್ಕೂ ಮೊದಲೇ, 1492ರ ರಾಜಾಜ್ಞೆಯಿಂದ ಓಡಿಸಲಾಗಿತ್ತು. ಹೀಗೆ ಕುಗ್ಗಿದ ಊರಿಗೆ ಗೋಡೆಯನ್ನು ದಾಟಿ ಬೆಳೆಯುವ ಶಕ್ತಿಯೂ ಇರಲಿಲ್ಲ, ಕೆಡವುವಷ್ಟು ಹಣವೂ ಇರಲಿಲ್ಲ. ಅದೇ ವೇಳೆಗೆ ಗೋಡೆಗೆ ಬೇರೊಂದು ಉಪಯೋಗವಿತ್ತು: ಒಳಗೆ ಬರುವ ಸರಕಿಗೆ ಬಾಗಿಲಲ್ಲಿ ಸುಂಕ ಎತ್ತುವುದು, ಸಾಂಕ್ರಾಮಿಕ ರೋಗ ಹರಡಿದಾಗ ಬಾಗಿಲು ಮುಚ್ಚಿ ಊರನ್ನು ಕಾಯುವುದು. ಯುದ್ಧದ ಕಾಲ ಮುಗಿದ ಮೇಲೂ ಗೋಡೆ ಕೆಲಸದಲ್ಲಿಯೇ ಇತ್ತು. 19ನೇ ಶತಮಾನದಲ್ಲಿ ಸ್ಪೇನ್‌ನ ಅನೇಕ ನಗರಗಳು ಬೆಳವಣಿಗೆಯ ಹೆಸರಿನಲ್ಲಿ ಗೋಡೆಗಳನ್ನು ಕೆಡವಿಕೊಂಡಾಗ, ಆವಿಲಾದ ಗೋಡೆಯನ್ನು 1884ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಬಡತನ ಉಳಿಸಿಕೊಟ್ಟದ್ದನ್ನು ಕಾನೂನು ಸರಿಯಾದ ಹೊತ್ತಿಗೆ ಕೈಗೆತ್ತಿಕೊಂಡಿತು.

1985ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದಾಗ ಗೋಡೆಯ ಒಳಗಿನ ಊರಿನ ಜೊತೆಗೆ ಗೋಡೆಯ ಹೊರಗಿನ ಇಗರ್ಜಿಗಳನ್ನೂ ಸೇರಿಸಿದರು. 2007ರಲ್ಲಿ ಹೊರಗಿನ ಇನ್ನಷ್ಟು ಇಗರ್ಜಿಗಳು, ಮಠಗಳು ಸೇರಿದವು. ಈ ಸಂಗತಿಯನ್ನು ನಾನು ನಮ್ಮೂರಿನಲ್ಲಿ ಯಾರು ಕೇಳಿದರೂ ಹೇಳುತ್ತೇನೆ. ಕೋಟೆಯೆಂದರೆ ಟಿಕೆಟ್ ಕೊಟ್ಟು ಒಳಹೋಗುವ ಜಾಗವಷ್ಟೇ ಅಲ್ಲ. ರಂಗಯ್ಯನಬಾಗಿಲು, ಉಚ್ಚಂಗಿ ಬಾಗಿಲು, ಸಂತೆಹೊಂಡ, ಚಂದ್ರವಳ್ಳಿ ಎಲ್ಲವೂ ಅದೇ ಒಂದು ಶರೀರದ ಅಂಗಗಳು. ಬೀದಿಯಲ್ಲಿ ಉಳಿದಿರುವ ಗೋಡೆಯ ತುಂಡಿಗೆ ಬೆಟ್ಟದ ಮೇಲಿನ ಗೋಡೆಯಷ್ಟೇ ಮರ್ಯಾದೆ ಸಲ್ಲಬೇಕು.

ಹೊಂಡದ ಹುಡುಗ, ದಾವಣಗೆರೆ

ಹಿರಿಯರು ಕ್ಷಮಿಸಬೇಕು, ನಾನು ಬೇರೆ ಊರಿನ ಪರವಾಗಿ ಒಂದು ಮಾತು ಹೇಳುತ್ತೇನೆ. ನೀರಾವರಿ ವಿಷಯದಲ್ಲಿ ಸ್ನಾತಕೋತ್ತರ ಓದು ಮಾಡುತ್ತಿರುವ ನನಗೆ ಆವಿಲಾಕ್ಕಿಂತ ಸೆಗೋವಿಯಾ ಹೆಚ್ಚು ಹಿಡಿಸಿತು. ಎರಡೂ ಊರುಗಳ ನಡುವೆ ಸುಮಾರು 65 ಕಿ.ಮೀ. ಅಂತರ; ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ ಸಾಕು, ನಿಲ್ದಾಣ ಊರಿನ ಹೊರಗಿರುವುದರಿಂದ ಅಲ್ಲಿಂದ ಬಸ್ಸು ಹಿಡಿಯಬೇಕು.

ಅಲ್ಲಿನ ರೋಮನ್ ಮೇಲ್ಗಾಲುವೆಯನ್ನು ನೋಡದೆ ಬರಬೇಡಿ. ಬೆಟ್ಟದ ನದಿಯಿಂದ ಸುಮಾರು 15 ಕಿ.ಮೀ. ದೂರ ಹರಿದುಬಂದ ನೀರನ್ನು, ಊರಿನ ಮುಂದಿನ ತಗ್ಗನ್ನು ದಾಟಿಸಲು ರೋಮನ್ನರು ಕಮಾನುಗಳ ಮೇಲೆ ಕಮಾನು ಕಟ್ಟಿ ಕಾಲುವೆಯನ್ನು ಆಕಾಶಕ್ಕೆ ಎತ್ತಿದ್ದಾರೆ. ಅತಿ ಎತ್ತರದ ಜಾಗದಲ್ಲಿ ಅದು 28 ಮೀಟರ್‌ಗಿಂತ ಹೆಚ್ಚಿದೆ. ಮೇಷ್ಟ್ರಿಗೆ ಸಂತೋಷವಾಗುವ ಸಂಗತಿಯೆಂದರೆ, ದುರ್ಗದ ಗೋಡೆಯಂತೆಯೇ ಅದರ ಕಣಶಿಲೆಯ ದಿಮ್ಮಿಗಳ ನಡುವೆ ಗಾರೆಯೇ ಇಲ್ಲ. ಭಾರ ಮತ್ತು ಸಮತೋಲದ ಮೇಲೆಯೇ ಸುಮಾರು ಹತ್ತೊಂಬತ್ತು ಶತಮಾನಗಳಿಂದ ನಿಂತಿದೆ. 15ನೇ ಶತಮಾನದಲ್ಲಿ ಬಿದ್ದುಹೋಗಿದ್ದ ಕಮಾನುಗಳನ್ನು ಹಳೆಯ ರೀತಿಯಲ್ಲಿಯೇ ಮತ್ತೆ ಕಟ್ಟಿಸಿದರು. 1992ರವರೆಗೂ ಅದರ ಕಮಾನುಗಳ ಕೆಳಗೆ ವಾಹನಗಳು ಓಡಾಡುತ್ತಿದ್ದವು, ಆಮೇಲೆ ನಿಲ್ಲಿಸಿದರು. ನೀರು ಹೊತ್ತು ಬೇಸತ್ತ ಹುಡುಗಿಯೊಬ್ಬಳ ಸಲುವಾಗಿ ಸೈತಾನ ಒಂದೇ ರಾತ್ರಿಯಲ್ಲಿ ಅದನ್ನು ಕಟ್ಟಲು ಹೊರಟನೆಂದೂ, ಕೊನೆಯ ಒಂದು ಕಲ್ಲು ಉಳಿದಿರುವಾಗ ಬೆಳಗಾಯಿತೆಂದೂ ಅಲ್ಲಿನವರು ಕಥೆ ಹೇಳುತ್ತಾರೆ. ಸೂಳೆಕೆರೆಯ ಶಾಂತವ್ವನ ಕಥೆ ಕೇಳಿ ಬೆಳೆದ ನನಗೆ, ನೀರಿನ ಕಟ್ಟಡವಿರುವಲ್ಲೆಲ್ಲ ಒಬ್ಬ ಹೆಣ್ಣುಮಗಳ ಕಥೆಯೂ ಇರುತ್ತದೆಯೇನೋ ಎನಿಸಿತು.

ದುರ್ಗದಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳಿಗೆ ಇಳಿಯುತ್ತಿದ್ದ ನೀರಿನ ಏರ್ಪಾಡನ್ನು ಕಂಡವರು ಸೆಗೋವಿಯಾದ ಕೆಲಸವನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ. ರೋಮನ್ನರು ನಮಗೆ ತೀರ ಪರಕೀಯರೂ ಅಲ್ಲ. ಚಂದ್ರವಳ್ಳಿಯ ಉತ್ಖನನದಲ್ಲಿ ಅವರ ಬೆಳ್ಳಿ ನಾಣ್ಯಗಳು ಸಿಕ್ಕಿವೆ.

ವಚನಾರ್ಥಿ, ಚಿತ್ರದುರ್ಗ

ಮೇಷ್ಟ್ರೇ, ನಾನು ವಚನ ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಿರುವವಳು. ಇದುವರೆಗೆ ಬರೆದವರೆಲ್ಲ ಗೋಡೆಯ ವಿಷಯವನ್ನೇ ಹೇಳಿದ್ದಾರೆ. ಆದರೆ ಆವಿಲಾಕ್ಕೆ ಲೋಕದ ಮೂಲೆಮೂಲೆಯಿಂದ ಜನ ಬರುವುದು ಒಬ್ಬ ಹೆಣ್ಣುಮಗಳ ಹೆಸರನ್ನು ಹಿಡಿದು. ಅದನ್ನು ಬಿಟ್ಟರೆ ಆ ಊರಿನ ಅರ್ಧ ಭಾಗವೇ ಕಾಣದೆ ಹೋಗುತ್ತದೆ.

ಸಂತ ತೆರೇಸಾ ಹುಟ್ಟಿದ್ದು 1515ರ ಮಾರ್ಚ್ 28ರಂದು. ಅವಳ ತಾತ ಟೊಲೆಡೊದ ಯಹೂದಿ ಮೂಲದ ವ್ಯಾಪಾರಿ. ಕ್ರೈಸ್ತನಾದ ಮೇಲೂ ಗುಟ್ಟಾಗಿ ಹಳೆಯ ಧರ್ಮವನ್ನು ಪಾಲಿಸಿದ ಆರೋಪದ ಮೇಲೆ 1485ರಲ್ಲಿ ಧರ್ಮವಿಚಾರಣಾ ನ್ಯಾಯಾಲಯದಿಂದ ಬಹಿರಂಗ ಪ್ರಾಯಶ್ಚಿತ್ತಕ್ಕೆ ಗುರಿಯಾದವನು. ಅಂತಹ ಮನೆಯಿಂದ ಬಂದ ಹುಡುಗಿ 1535ರಲ್ಲಿ ಗೋಡೆಯ ಹೊರಗಿನ ಎನ್ಕಾರ್ನಾಸಿಯೋನ್ ಮಠವನ್ನು ಸೇರಿದಳು. ಸನ್ಯಾಸಿನಿಯರ ನಡುವೆಯೂ ಮನೆತನದ ಮೇಲುಕೀಳು ನಡೆಯುತ್ತಿದ್ದ ಆ ಮಠದಲ್ಲಿ ಬಹುವರ್ಷ ಕಳೆದ ಮೇಲೆ, 1562ರಲ್ಲಿ ಸಾನ್ ಹೊಸೆ ಎಂಬ ಪುಟ್ಟ ಮಠವನ್ನು ತಾನೇ ಸ್ಥಾಪಿಸಿದಳು. ಆಸ್ತಿಯಿಲ್ಲದೆ ಭಿಕ್ಷೆಯನ್ನೇ ನಂಬಿ ಬದುಕುವ ಮಠ ಊರಿಗೆ ಹೊರೆಯಾಗುತ್ತದೆಂದು ನಗರಸಭೆಯೇ ಅದನ್ನು ವಿರೋಧಿಸಿತು. ಅವಳು ಜಗ್ಗಲಿಲ್ಲ. ಅವಳ ಪಂಥದ ಸನ್ಯಾಸಿನಿಯರಿಗೆ ಬರಿಗಾಲಿನವರು ಎಂದೇ ಹೆಸರು. ಸಾನ್ ವಿಸೆಂತೆ ಇಗರ್ಜಿಯ ನೆಲಮಾಳಿಗೆಯಲ್ಲಿ ಅವಳು ಪಾದರಕ್ಷೆ ಕಳಚಿದಳೆಂದು ನಂಬಿಕೆ ಇದೆ. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವ ನಮಗೆ ಆ ಜಾಗದಲ್ಲಿ ವಿವರಣೆ ಬೇಕಾಗುವುದಿಲ್ಲ. ಅದೇ ಇಗರ್ಜಿಯಲ್ಲಿ ವಿಸೆಂತೆ, ಸಬೀನಾ, ಕ್ರಿಸ್ತೆತಾ ಎಂಬ ಮೂವರು ಒಡಹುಟ್ಟಿದವರ ಬಲಿದಾನವನ್ನು ಕೆತ್ತಿದ 12ನೇ ಶತಮಾನದ ಸ್ಮಾರಕ ಸಮಾಧಿಯೂ ಇದೆ. ಕಥೆಯನ್ನು ಫಲಕ ಫಲಕವಾಗಿ ಕಡೆದಿರುವ ರೀತಿ ನಮ್ಮ ದೇವಾಲಯಗಳ ರಾಮಾಯಣದ ಪಟ್ಟಿಕೆಗಳನ್ನು ನೆನಪಿಸುತ್ತದೆ.

ಮೇಷ್ಟ್ರಿಗಾಗಿ ನಾನು ಬಹಳ ಆಸೆಯಿಂದ ಬರೆಯುತ್ತಿರುವುದು ಮುಂದಿನ ಮಾತು. 1577ರಲ್ಲಿ ತೆರೇಸಾ ಐದಾರು ತಿಂಗಳುಗಳಲ್ಲಿ ಒಂದು ಗ್ರಂಥ ಬರೆದಳು. ಆರಂಭಿಸಿದ್ದು ಟೊಲೆಡೊದಲ್ಲಿ, ಮುಗಿಸಿದ್ದು ಆವಿಲಾದಲ್ಲಿ. ಅದರಲ್ಲಿ ಅವಳು ಮನುಷ್ಯನ ಆತ್ಮವನ್ನು ಒಂದೇ ವಜ್ರದಿಂದ ಅಥವಾ ಸ್ಫಟಿಕದಿಂದ ಮಾಡಿದ ಕೋಟೆಯೆಂದು ಭಾವಿಸುತ್ತಾಳೆ. ಆ ಕೋಟೆಗೆ ಒಂದರೊಳಗೊಂದು ಏಳು ನೆಲೆಗಳು. ಪ್ರಾರ್ಥನೆಯೇ ಅದರ ಬಾಗಿಲು. ಹೊರಗಿನ ನೆಲೆಗಳಿಗೆ ವಿಷಜಂತುಗಳು ನುಗ್ಗುತ್ತವೆ; ಒಳಗೊಳಗೆ ಹೋದಂತೆ ಗದ್ದಲ ಅಡಗಿ, ಏಳನೆಯ ನೆಲೆಯಲ್ಲಿ ಒಡೆಯನ ಸನ್ನಿಧಿ ದೊರೆಯುತ್ತದೆ. ಏಳುಸುತ್ತಿನ ಕೋಟೆಯ ಊರಿನಲ್ಲಿ ಬೆಳೆದು ಇದನ್ನು ಮೊದಲ ಬಾರಿ ಓದಿದ ದಿನ ನನಗೆ ರಾತ್ರಿ ನಿದ್ರೆ ಬರಲಿಲ್ಲ.

ಅವಳನ್ನು ನಮ್ಮ ಅಕ್ಕಮಹಾದೇವಿಗೆ ಹೋಲಿಸುವುದು ವಾಡಿಕೆ. ಅಕ್ಕ ಉಡುತಡಿಯನ್ನು ತೊರೆದು ಕಲ್ಯಾಣಕ್ಕೆ ನಡೆದ 12ನೇ ಶತಮಾನದಲ್ಲಿಯೇ ಆವಿಲಾದ ಗೋಡೆ ಮೇಲೇಳುತ್ತಿತ್ತು ಎನ್ನುವುದೂ ನಿಜ. ಆದರೆ ಹೋಲಿಕೆಯನ್ನು ಅವಸರದಲ್ಲಿ ಒಪ್ಪಬೇಡಿ. ಅಕ್ಕ ಗೋಡೆಗಳನ್ನೆಲ್ಲ ಬಿಟ್ಟು ಕದಳಿಯ ಬನಕ್ಕೆ ನಡೆದವಳು. ತೆರೇಸಾ ಎತ್ತಿನ ಬಂಡಿಯಂತಹ ಗಾಡಿಗಳಲ್ಲಿ ದೇಶವೆಲ್ಲ ಸುತ್ತಿದರೂ, ಕಟ್ಟಿದ್ದೆಲ್ಲ ಹೊರಗಿನ ಲೋಕಕ್ಕೆ ಬಾಗಿಲು ಮುಚ್ಚಿದ ಮಠಗಳನ್ನು. ಗೋಡೆಯ ಒಳಗೇ ಹೆಣ್ಣಿಗೆ ಸ್ವಾತಂತ್ರ್ಯದ ಜಾಗ ಸಿಕ್ಕೀತೆಂದು ಅವಳು ನಂಬಿದ್ದಳು. 1582ರಲ್ಲಿ ತೀರಿಕೊಂಡ ಅವಳನ್ನು 1622ರಲ್ಲಿ ಸಂತಳೆಂದು ಸಾರಿದರು. 1970ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಆಕೆಗೆ ಆಚಾರ್ಯ ಪದವಿಯನ್ನು ಕೊಟ್ಟಿತು. ಆ ಪದವಿ ಪಡೆದ ಮೊದಲ ಮಹಿಳೆ ಅವಳೇ.

ಒನಕೆ ಓಬವ್ವನ ಊರಿನವರು ಇನ್ನೊಬ್ಬಳ ಹೆಸರನ್ನೂ ಕೇಳಿಕೊಂಡು ಹೋಗಬೇಕು: ಹಿಮೆನಾ ಬ್ಲಾಸ್ಕೆಸ್. 12ನೇ ಶತಮಾನದ ಆರಂಭದಲ್ಲಿ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದಾಗ ಶತ್ರುಸೈನ್ಯ ಬಂದು ಊರನ್ನು ಸುತ್ತುವರಿಯಿತಂತೆ. ಆಗ ಹಿಮೆನಾ ಊರಿನ ಹೆಂಗಸರಿಗೆಲ್ಲ ಗಂಡಸರ ಉಡುಪು, ಟೋಪಿ ತೊಡಿಸಿ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದಳಂತೆ. ಕಾವಲು ಬಲವಾಗಿದೆಯೆಂದು ಎಣಿಸಿ ಶತ್ರು ಹಿಂದಿರುಗಿತಂತೆ. ಇದು ಅನಂತರದ ವೃತ್ತಾಂತಗಳಲ್ಲಿ ಬರುವ ಐತಿಹ್ಯ, ನಿಜವೆಷ್ಟೆಂದು ಹೇಳಲಾಗದು. ಆದರೂ ತಣ್ಣೀರು ದೋಣಿಯ ಪಕ್ಕದ ಕಿಂಡಿಯನ್ನು ಮಕ್ಕಳಿಗೆ ತೋರಿಸಿಕೊಟ್ಟ ನೀವು ಆ ಗೋಡೆಯ ಮೇಲೆ ನಿಂತಾಗ ಅವಳನ್ನು ನೆನೆಯುತ್ತೀರೆಂದು ನನಗೆ ಗೊತ್ತು.

ದುರ್ಗದ ಮೇಷ್ಟ್ರು, ಚಿತ್ರದುರ್ಗ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮಗಳಿಗೂ ಓದಿ ಹೇಳಿದೆ. ಎರಡೂ ದಿನ ಆವಿಲಾದಲ್ಲಿಯೇ ಇರುವುದೆಂದು ತೀರ್ಮಾನಿಸಿದ್ದೇವೆ; ಸೆಗೋವಿಯಾವನ್ನು ಬೇರೊಂದು ದಿನ ಮ್ಯಾಡ್ರಿಡ್‌ನಿಂದಲೇ ಹೋಗಿ ನೋಡುತ್ತೇನೆ, ಹುಡುಗ ಅಷ್ಟು ಅಕ್ಕರೆಯಿಂದ ಹೇಳಿದ್ದನ್ನು ಬಿಡಲಾರೆ. ಬಡತನದಿಂದ ಗೋಡೆ ಉಳಿಯಿತೆಂಬ ಮಾತು ನನ್ನ ತಲೆಯಲ್ಲಿಯೇ ಸುತ್ತುತ್ತಿದೆ. ನಮ್ಮ ಬೀದಿಯ ಬತೇರಿಯನ್ನು ಒಡೆದವರನ್ನು ಇಷ್ಟು ವರ್ಷ ಮನಸ್ಸಿನಲ್ಲಿಯೇ ಬೈದುಕೊಂಡಿದ್ದೆ. ಅವರಿಗೂ ಮನೆ ಬೇಕಿತ್ತು, ಕಲ್ಲು ಹತ್ತಿರದಲ್ಲಿತ್ತು, ಬೇಡವೆನ್ನುವ ಕಾನೂನು ಅವರ ಬಾಗಿಲಿಗೆ ಬರಲಿಲ್ಲ ಎಂದು ಈಗ ಅನಿಸುತ್ತಿದೆ.

ಒಂದು ಸಣ್ಣ ತೊಂದರೆ ಉಳಿದಿದೆ. ನಮ್ಮ ಮನೆಯವರಿಗೆ ಮೊಣಕಾಲು ನೋವು. ಗೋಡೆಯ ಮೆಟ್ಟಿಲುಗಳನ್ನು ಅವರು ಹತ್ತಬಲ್ಲರೇ? ಯಹೂದಿಗಳನ್ನು ಓಡಿಸಿದ ಕಾಲಕ್ಕೆ ಸಂಬಂಧಿಸಿದ ಜಾಗವೇನಾದರೂ ಅಲ್ಲಿದ್ದರೆ ಅದನ್ನೂ ತಿಳಿಸಿ.

ಬೆಣ್ಣೆನಗರಿ, ದಾವಣಗೆರೆ

ಮೇಷ್ಟ್ರೇ, ಎರಡನೆಯದನ್ನು ಮೊದಲು ಹೇಳುತ್ತೇನೆ. ಗೋಡೆಯ ಹೊರಗೆ, ಆಗ್ನೇಯ ದಿಕ್ಕಿನಲ್ಲಿ ಸಾಂತೊ ತೋಮಾಸ್ ಎಂಬ ರಾಜಮಠವಿದೆ. ಒಂದರ ಹಿಂದೊಂದು ಮೂರು ಅಂಗಳಗಳ ಕಟ್ಟಡ. ಧರ್ಮವಿಚಾರಣೆಯ ಮೊದಲ ಮಹಾಧಿಕಾರಿ ತೊರ್ಕೆಮಾದಾನನ್ನು ಮಣ್ಣುಮಾಡಿದ್ದು ಅಲ್ಲಿಯೇ. ಅದೇ ಇಗರ್ಜಿಯಲ್ಲಿ ರಾಣಿ ಇಸಬೆಲ್ಲಾ ಮತ್ತು ಫರ್ಡಿನಾಂಡ್ ಅವರ ಒಬ್ಬನೇ ಮಗ ಹುವಾನ್‌ನ ಸಮಾಧಿ ಇದೆ. 1497ರಲ್ಲಿ ಹತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡ ಆ ರಾಜಕುಮಾರನ ಸಮಾಧಿಯನ್ನು ಇಟಲಿಯ ಶಿಲ್ಪಿ ದೊಮೆನಿಕೊ ಫಾಂಚೆಲ್ಲಿ ಬಿಳಿಕಲ್ಲಿನಲ್ಲಿ ಕಡೆದಿದ್ದಾನೆ. ಹುಡುಗ ಈಗ ತಾನೆ ನಿದ್ರೆಹೋದಂತಿದೆ. ಯಹೂದಿಗಳನ್ನು ಹೊರಹಾಕುವ ಆಜ್ಞೆಗೆ ಸಹಿ ಹಾಕಿದ ತಂದೆತಾಯಿಯರ ಶೋಕ ಮತ್ತು ಆ ಆಜ್ಞೆಯ ಹಿಂದಿದ್ದ ಮನುಷ್ಯನ ಹೆಸರು ಒಂದೇ ಸೂರಿನಡಿ ಇವೆ.

ಅಮ್ಮನವರು ಗೋಡೆ ಹತ್ತಲೇಬೇಕೆಂದಿಲ್ಲ. ಮೆಟ್ಟಿಲುಗಳು ಕಡಿದಾಗಿವೆ, ಮೇಲೆಯೂ ಏರುತಗ್ಗು ಹೆಚ್ಚು. ನೀವು ಮತ್ತು ಮಗಳು ಬೆಳಿಗ್ಗೆ ಮೇಲೆ ನಡೆಯುವ ಹೊತ್ತಿನಲ್ಲಿ ಅವರು ದಕ್ಷಿಣದ ಗೋಡೆಯ ಬುಡದಲ್ಲಿರುವ ರಾಸ್ತ್ರೊ ಎಂಬ ಕಾಲುದಾರಿಯಲ್ಲಿ ಕುಳಿತಿರಲಿ. ಅಲ್ಲಿ ಬೆನ್ನಿಗೆ ಗೋಡೆ, ಕಣ್ಣೆದುರಿಗೆ ಅಂಬ್ಲೆಸ್ ಕಣಿವೆಯ ಬಯಲು. ಸಂಜೆಗೆ ಎಲ್ಲರೂ ಕಾರಿನಲ್ಲಿ ಅದಾಹಾ ಸೇತುವೆಯನ್ನು ದಾಟಿ ಕ್ವಾತ್ರೊ ಪೊಸ್ತೆಸ್ ಎಂಬ ನಾಲ್ಕು ಕಂಬಗಳ ಮಂಟಪಕ್ಕೆ ಹೋಗಿ. ಏಳು ವರ್ಷದ ತೆರೇಸಾ ಅಣ್ಣನ ಜೊತೆ ಧರ್ಮಕ್ಕಾಗಿ ಪ್ರಾಣ ಕೊಡುತ್ತೇನೆಂದು ಮನೆಬಿಟ್ಟು ಹೊರಟಾಗ, ಚಿಕ್ಕಪ್ಪ ಅವರಿಬ್ಬರನ್ನು ಅಲ್ಲಿ ಹಿಡಿದು ಮನೆಗೆ ಕರೆತಂದನೆಂದು ಹೇಳುತ್ತಾರೆ. ಆ ದಿಬ್ಬದಿಂದ ಗೋಡೆಯ ಪಶ್ಚಿಮ ಮತ್ತು ಉತ್ತರದ ಸಾಲು ಪೂರ್ತಿ ಕಾಣುತ್ತದೆ. ಕತ್ತಲಾದ ಮೇಲೆ ದೀಪ ಹಾಕುತ್ತಾರೆ. ಸೆಪ್ಟೆಂಬರಿನಲ್ಲೂ ಅಷ್ಟು ಎತ್ತರದಲ್ಲಿ ಸಂಜೆಯ ಗಾಳಿ ಚಳಿ ಹಿಡಿಸುತ್ತದೆ, ಅಮ್ಮನವರಿಗೆ ಒಂದು ಶಾಲು ಇಟ್ಟುಕೊಂಡು ಹೋಗಿ.